ಅಲ್ಲಾಡುವ ಕುರ್ಚಿ, ಹಿಡಿಯುವ ಬಾಗಿಲು, ಹಿಟ್ಟುದುರುವ ಮಂಚ: ಮನೆಯ ಮರಸಾಮಾನಿನ ದೋಷ ಪತ್ತೆ ಮಾಡುವ ಬಗೆ

ಗುಬ್ಬಿ ಕಡೆಯ ಒಂದು ಮನೆಯಿಂದ ಹಲಸಿನ ಮರದ ಕುರ್ಚಿಯೊಂದು ರಿಪೇರಿಗೆ ಬಂದಿತ್ತು. ಹಿಂಗಾಲಿನ ಒಂದೇ ಜಾಯಿಂಟಿನಲ್ಲಿ ಒಂಬತ್ತು ಮೊಳೆ. ಇಕ್ಕಳದಲ್ಲಿ ಒಂದೊಂದನ್ನೇ ಕೀಳುತ್ತಾ ಹೋದರೆ ಅವುಗಳ ವಯಸ್ಸು ಕಾಣುತ್ತಿತ್ತು. ತೀರಾ ಹಳೆಯದು ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕಪ್ಪಾಗಿಸಿತ್ತು, ಕೊನೆಯದು ಇನ್ನೂ ಹೊಳೆಯುತ್ತಿತ್ತು. ಕುರ್ಚಿ ಅಲ್ಲಾಡಿದಾಗಲೆಲ್ಲ ಯಾರೋ ಒಂದು ಮೊಳೆ ಹೊಡೆದಿದ್ದಾರೆ. ಮೊದಲ ಸಲ ಅಲ್ಲಾಡಿದಾಗ ಅದಕ್ಕೆ ಬೇಕಿದ್ದದ್ದು ಹಳೇ ಅಂಟು ಕೆರೆದು, ಹೊಸ ಅಂಟು ಹಚ್ಚಿ, ಒಂದು ದಿನ ಬಿಗಿಯಾಗಿ ಕಟ್ಟಿಡುವುದು ಮಾತ್ರ. ನನ್ನ ಕೈಗೆ ಸಿಕ್ಕುವ ಹೊತ್ತಿಗೆ ಕಾಲು ಉದ್ದಕ್ಕೆ ಸೀಳಿತ್ತು. ಹೊಸ ಕಾಲೇ ಮಾಡಬೇಕಾಯಿತು.

ತುಮಕೂರಿನಲ್ಲಿ ಮರಗೆಲಸ ಮಾಡಿಕೊಂಡು ಬಂದ ನನಗೆ ಇಂಥ ಮೊಳೆ ಕಂಡರೆ ಈಗಲೂ ಸಂಕಟವಾಗುತ್ತದೆ. ಮರ ಕೆಡುವುದು ನಿಧಾನ, ಕೈಯಾರೆ ಕೆಡಿಸುವುದು ಬೇಗ. ಆದ್ದರಿಂದ ಇಲ್ಲಿ ಮನೆಯಲ್ಲಿ ಕಣ್ಣಿಗೆ, ಕಿವಿಗೆ ಸಿಗುವ ಲಕ್ಷಣಗಳಿಂದಲೇ ಶುರು ಮಾಡಿದ್ದೇನೆ. ಪ್ರತಿಯೊಂದರಲ್ಲೂ ಮೊದಲು ಖರ್ಚಿಲ್ಲದ ಪರೀಕ್ಷೆ, ಆಮೇಲೆ ಮನೆಯಲ್ಲಿರುವ ಸಾಮಾನಿನಿಂದ ಆಗುವ ಕೆಲಸ, ಅದೂ ಮುಗಿದ ಮೇಲೆ ಮೇಸ್ತ್ರಿ.

ಯಾವ ಲಕ್ಷಣವಾದರೂ ಮೊದಲು ಕ್ಯಾಲೆಂಡರ್ ನೋಡಿ

ಕಡಿದು ಎಷ್ಟು ವರ್ಷವಾಗಿದ್ದರೂ ಮರ ಗಾಳಿಯಲ್ಲಿನ ತೇವವನ್ನು ಕುಡಿಯುತ್ತದೆ, ಬಿಡುತ್ತದೆ. ಕುಡಿದಾಗ ಊದುತ್ತದೆ, ಬಿಟ್ಟಾಗ ಸೊರಗುತ್ತದೆ. ಇದು ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ಎಳೆಯ ಉದ್ದಕ್ಕೆ, ಅಂದರೆ ಮರದ ನಾರು ಓಡುವ ದಿಕ್ಕಿಗೆ, ಮರ ಬೆಳೆಯುವುದೂ ಇಲ್ಲ, ಕುಗ್ಗುವುದೂ ಇಲ್ಲ ಅಂತಲೇ ಲೆಕ್ಕ. ಆಟವೆಲ್ಲ ಅಗಲಕ್ಕೆ. ಒಂದಡಿ ಅಗಲದ ಹಲಗೆ ಮಳೆಗಾಲಕ್ಕೂ ಬೇಸಿಗೆಗೂ ನಡುವೆ 2ರಿಂದ 3 ಮಿಲಿಮೀಟರ್ ಹಿಗ್ಗಿ ಕುಗ್ಗುವುದು ಮಾಮೂಲು.

ನಮ್ಮ ಜಿಲ್ಲೆಯಲ್ಲಿ ಮಳೆ ಜೋರು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ: ಉತ್ತರೆ, ಹಸ್ತ, ಚಿತ್ತೆ ಮಳೆಗಳ ಕಾಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗಾಳಿ ಒಣಒಣ, ಶಿರಾ, ಪಾವಗಡ ಕಡೆಗಂತೂ ಇನ್ನೂ ಬಿರುಸು. ಹಾಗಾಗಿ ದಸರೆ ಹೊತ್ತಿಗೆ ಬಿಗಿಯಾಗಿ, ಯುಗಾದಿ ಹೊತ್ತಿಗೆ ಸಡಿಲವಾಗುವ ದೋಷ ತೇವದ ದೋಷ. ಅದು ತನ್ನಷ್ಟಕ್ಕೆ ಬಂದು ಹೋಗುತ್ತದೆ, ಬಹಳ ಸಲ ಕೈ ಹಾಕುವುದೇ ಬೇಡ. ವರ್ಷಪೂರ್ತಿ ಒಂದೇ ರೀತಿ ಕಾಡುತ್ತಿದ್ದರೆ ಅಥವಾ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೆ ಮಾತ್ರ ಜಾಯಿಂಟು, ಹುಳು, ಗೋಡೆಯ ನೀರು ಇವುಗಳ ಮೇಲೆ ಅನುಮಾನ ಪಡಬೇಕು.

ಬಾಗಿಲು ಹಿಡಿಯುತ್ತಿದೆ, ಚಿಲಕ ಕೂರುತ್ತಿಲ್ಲ

ಮರವನ್ನು ಬೈಯುವ ಮುಂಚೆ ಹಿಂಜು (ಬಾಗಿಲು ತಿರುಗುವ ಕೀಲು) ನೋಡಿ. ಬಾಗಿಲನ್ನು ಅರ್ಧ ತೆರೆದು, ಚಿಲಕದ ಕಡೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಎತ್ತಿ. ಟಕ್ ಅಂತ ಅಲುಗಿದರೆ ಮೇಲಿನ ಹಿಂಜಿನ ಸ್ಕ್ರೂ ಸಡಿಲಾಗಿದೆ, ಬಾಗಿಲು ಜೋತುಬಿದ್ದು ಹೊಸಿಲಿಗೆ ತಾಗುತ್ತಿದೆ. ಸ್ಕ್ರೂ ಬಿಗಿ ಮಾಡಿದರೆ ಮುಗಿಯಿತು. ತಿರುಗಿಸಿದಷ್ಟೂ ತಿರುಗುತ್ತಲೇ ಇದ್ದರೆ ತೂತು ಹಿರಿದಾಗಿದೆ ಎಂದರ್ಥ. ಸ್ಕ್ರೂ ತೆಗೆದು, ಬಿದಿರ ಕಡ್ಡಿಗೆ ಅಂಟು ಸವರಿ ತೂತಿಗೆ ಬಡಿದು, ಒಣಗಿದ ಮೇಲೆ ಸಮಕ್ಕೆ ಕುಯ್ದು ಅದೇ ಸ್ಕ್ರೂ ಹಾಕಿ. ಬಾಗಿಲ ಕೆಳಗೆ ಬೆಣೆ ಕೊಟ್ಟು ಭಾರ ಹೊರಿಸಿಕೊಂಡೇ ಈ ಕೆಲಸ ಮಾಡಬೇಕು, ಒಂದು ಸಲಕ್ಕೆ ಒಂದೇ ಹಿಂಜು ಬಿಚ್ಚಬೇಕು. ಹಳೇ ತೇಗದ ಬಾಗಿಲು ಒಬ್ಬರು ಹಿಡಿಯುವ ತೂಕದ್ದಲ್ಲ; ಕಾಲ ಮೇಲೆ ಬಿದ್ದರೆ ಮೂಳೆ ಮುರಿಯುತ್ತದೆ.

ಹಿಂಜು ಗಟ್ಟಿಯಿದ್ದೂ ಹಿಡಿಯುತ್ತಿದ್ದರೆ ಎಲ್ಲಿ ಹಿಡಿಯುತ್ತದೆ ಅಂತ ಗುರುತು ಮಾಡಿ. ದಾರಂದದ ಒಳ ಅಂಚಿಗೆ ಸೀಮೆಸುಣ್ಣ ಉಜ್ಜಿ ಬಾಗಿಲು ಹಾಕಿ ತೆಗೆದರೆ ತಾಗುವ ಜಾಗಕ್ಕೆ ಬಿಳಿ ಅಂಟುತ್ತದೆ. ಚಿಲಕದ ಕಡೆ ಮೇಲಿಂದ ಕೆಳಗಿನವರೆಗೂ ಅಂಟಿದ್ದರೆ ಬಾಗಿಲು ಅಗಲಕ್ಕೆ ಊದಿದೆ. ಮೇಲಿನ ಮೂಲೆ ಒಂದಕ್ಕೆ ಮಾತ್ರ ಅಂಟಿದ್ದರೆ ಬಾಗಿಲು ಜೋತಿದೆ ಅಥವಾ ದಾರಂದವೇ ಓಲಿದೆ. ದಾರಂದಕ್ಕೆ ದಾರ ಕಟ್ಟಿದ ತೂಕದ ಗುಂಡು ಬಿಟ್ಟು ನೋಡಿ. ಓಲಿದ್ದು, ಪಕ್ಕದ ಗೋಡೆಯಲ್ಲೂ ಓರೆ ಬಿರುಕು ಕಂಡರೆ ಅದು ಬಡಗಿಯ ಕೆಲಸವಲ್ಲ, ಮನೆ ಕಟ್ಟುವವರನ್ನು ಕರೆಸಿ.

ಇನ್ನು ಊದಿದ ಬಾಗಿಲು. ದಯವಿಟ್ಟು ಮಳೆಗಾಲದಲ್ಲಿ ಹತ್ತರಿ (ಮರ ಹೆರೆಯುವ ಹತಾರ) ಹಿಡಿಯಬೇಡಿ. ಕೆಲಸ ಕಲಿಯುವ ಕಾಲದಲ್ಲಿ ಹಸ್ತ ಮಳೆ ಹುಯ್ಯುತ್ತಿರುವಾಗಲೇ ಒಂದು ಮನೆಯ ಬೀದಿ ಬಾಗಿಲನ್ನು ಉಜ್ಜಿ ಸಲೀಸು ಮಾಡಿಕೊಟ್ಟು ಬಂದಿದ್ದೆ. ಯುಗಾದಿಗೆ ಆ ಮನೆಯ ಅಜ್ಜಿ ಹೇಳಿಕಳಿಸಿದರು: “ಬಾಗ್ಲು ಹಾಕಿದ್ರೂ ಬೀದಿ ದೀಪ ಒಳಕ್ಕೆ ಬೀಳ್ತೈತೆ ಕಣಪ್ಪ, ಬಂದು ನೋಡು.” ಹೋಗಿ ನೋಡಿದರೆ ಅಂಚಿನ ಸಂದಿನಲ್ಲಿ ಕಿರುಬೆರಳು ತೂರುತ್ತಿತ್ತು. ಕೆರೆದ ಮರ ತಿರುಗಿ ಬರುವುದಿಲ್ಲ. ಅಂಚಿಗೆ ಪಟ್ಟಿ ಅಂಟಿಸಿ ಸರಿ ಮಾಡಿದೆ, ಆದರೆ ಆ ಪಟ್ಟಿಯ ಗೆರೆ ಇವತ್ತಿಗೂ ಕಾಣುತ್ತದೆ.

ಮಳೆಗಾಲದಲ್ಲಿ ಮಾಡಬಹುದಾದದ್ದು ಇಷ್ಟೇ: ತಾಗುವ ಜಾಗಕ್ಕೆ ಮೇಣದ ಬತ್ತಿ ಉಜ್ಜಿ, ಮನೆಯೊಳಗೆ ಗಾಳಿಯಾಡಲು ಬಿಡಿ. ಸಂಕ್ರಾಂತಿ ಕಳೆದ ಮೇಲೆ ಮತ್ತೆ ನೋಡಿ. ಆಗಲೂ ಹಿಡಿಯುತ್ತಿದ್ದರೆ ಆ ಜಾಗವನ್ನಷ್ಟೇ ಉಜ್ಜಿಸಿ. ಉಜ್ಜಿದ ದಿನವೇ ಬರಿಮರಕ್ಕೆ ಬಣ್ಣವನ್ನೋ ವಾರ್ನಿಷನ್ನೋ ಹೊಡೆಯಬೇಕು. ಜೊತೆಗೆ ಬಾಗಿಲ ತಲೆಯ ಅಂಚಿನ ಮೇಲೆ, ಬುಡದ ಅಂಚಿನ ಕೆಳಗೆ ಒಂದು ಕನ್ನಡಿ ಹಿಡಿದು ನೋಡಿ. ಹತ್ತರಲ್ಲಿ ಎಂಟು ಬಾಗಿಲುಗಳಲ್ಲಿ ಅಲ್ಲಿ ಬಣ್ಣವೇ ಇರುವುದಿಲ್ಲ, ಯಾರಿಗೂ ಕಾಣದ ಜಾಗ ನೋಡಿ. ಮರ ಅತಿ ಬೇಗ ನೀರು ಕುಡಿಯುವುದು ಎಳೆ ಕುಯ್ದ ಆ ತುದಿಗಳಿಂದಲೇ. ಹೊಸಿಲು ತೊಳೆಯುವ ನೀರು ದಿನವೂ ಅಲ್ಲಿಗೆ ಸಿಡಿಯುತ್ತದೆ. ಆ ಎರಡು ಅಂಚುಗಳಿಗೆ ಎರಡು ಕೋಟ್ ಬಣ್ಣ ಕೊಟ್ಟರೆ ಅರ್ಧ ತೊಂದರೆ ಅಲ್ಲಿಗೇ ತೀರುತ್ತದೆ.

ಕುರ್ಚಿ ಅಥವಾ ಮೇಜು ಅಲ್ಲಾಡುತ್ತಿದೆ

ಅಲ್ಲಾಟ ಎರಡು ಬಗೆ. ಕಾಲು ನೆಲ ಬಿಟ್ಟು ಟಕ್ ಟಕ್ ಅನ್ನುವುದು ಒಂದು, ನಾಲ್ಕೂ ಕಾಲು ನೆಲದಲ್ಲಿದ್ದು ಮೈ ಓಲಾಡುವುದು ಇನ್ನೊಂದು. ಇವೆರಡನ್ನೂ ಒಂದೇ ಅಂತ ತಿಳಿದು ರಿಪೇರಿಗೆ ಇಳಿಯುವುದರಿಂದಲೇ ಕುರ್ಚಿಗಳು ಹಾಳಾಗುತ್ತವೆ.

ಟಕ್ ಟಕ್ ಅನ್ನುತ್ತಿದ್ದರೆ ಎದ್ದ ಕಾಲಿಗೆ ಸೀಮೆಸುಣ್ಣದ ಗುರುತು ಹಾಕಿ. ಉತ್ತರಕ್ಕೆ ಮುಖ ಮಾಡಿದ್ದ ಕುರ್ಚಿಯನ್ನು ಅದೇ ಜಾಗದಲ್ಲಿ ಪೂರ್ವಕ್ಕೆ ತಿರುಗಿಸಿ ಕೂರಿಸಿ. ಈಗಲೂ ಗುರುತಿನ ಕಾಲೇ ಎದ್ದರೆ ದೋಷ ಕುರ್ಚಿಯದ್ದು. ಬೇರೆ ಕಾಲು ಎದ್ದರೆ ನೆಲದ್ದು. ಹಳೇ ಕಲ್ಲುಚಪ್ಪಡಿ ನೆಲದ ಮನೆಗಳಲ್ಲಿ ನೆಲದ ತಪ್ಪಿಗೆ ಕುರ್ಚಿಯ ಕಾಲು ಕುಯ್ದದ್ದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಒಂದು ಕಾಲು ಕುಯ್ದರೆ ಮತ್ತೊಂದು ಉದ್ದವಾಗುತ್ತದೆ, ಅದನ್ನೂ ಕುಯ್ಯುತ್ತಾರೆ. ಕೊನೆಗೆ ಕುರ್ಚಿ ಮಣೆಯ ಎತ್ತರಕ್ಕೆ ಬಂದು ನಿಲ್ಲುತ್ತದೆ. ಕುರ್ಚಿಯದೇ ದೋಷ ಅಂತ ಖಾತ್ರಿಯಾದರೂ ಗರಗಸ ಬೇಡ, ಗಿಡ್ಡ ಕಾಲಿನ ಅಡಿಗೆ ದಪ್ಪ ಚರ್ಮದ ತುಂಡೋ ರಬ್ಬರ್ ಬುಷ್ಷೋ ಸಾಕು.

ಮೈ ಓಲಾಡುತ್ತಿದ್ದರೆ ಜಾಯಿಂಟು ಸಡಿಲಿದೆ. ಯಾವುದು ಅನ್ನುವುದನ್ನು ಕಣ್ಣಿನಿಂದ ಹುಡುಕಬೇಡಿ, ಬೆರಳಿನಿಂದ ಹುಡುಕಿ. ಒಬ್ಬರು ಒರಗು ಹಿಡಿದು ನಿಧಾನವಾಗಿ ಹಿಂದೆ ಮುಂದೆ ಮಾಡಲಿ, ಇನ್ನೊಬ್ಬರು ಒಂದೊಂದೇ ಜಾಯಿಂಟಿನ ಗೆರೆಯ ಮೇಲೆ ತೋರುಬೆರಳಿನ ತುದಿ ಇಟ್ಟು ಕಣ್ಣು ಮುಚ್ಚಿಕೊಳ್ಳಲಿ. ಕೂದಲೆಳೆಯಷ್ಟು ಆಟವಿದ್ದರೂ ಬೆರಳಿಗೆ ಚಿವುಟಿದ ಹಾಗೆ ಗೊತ್ತಾಗುತ್ತದೆ. ಸಾಮಾನ್ಯವಾಗಿ ಮೊದಲು ಬಿಡುವುದು ಹಿಂಗಾಲೂ ಪಕ್ಕದ ಅಡ್ಡಪಟ್ಟಿಯೂ ಸೇರುವ ಕಡೆ. ನಾವು ಒರಗಿದಾಗ ಭಾರವೆಲ್ಲ ಅಲ್ಲಿಗೇ ಬೀಳುತ್ತದೆ.

ಕುರ್ಚಿಯನ್ನು ಮಗುಚಿ ಹಾಕಿ. ಕೂರುವ ಹಲಗೆಯ ಅಡಿಯಲ್ಲಿ ಮೂಲೆಗೊಂದರಂತೆ ತ್ರಿಕೋನದ ತುಂಡುಗಳಿದ್ದರೆ ಅವುಗಳ ಸ್ಕ್ರೂ ಬಿಗಿ ಮಾಡಿ. ಹಲವು ಕುರ್ಚಿಗಳಿಗೆ ಇದೇ ಸಾಕು, ಐದು ನಿಮಿಷದ ಕೆಲಸ.

ಸಾಲದಿದ್ದರೆ ಅಂಟಿಸಬೇಕು. ಜಾಯಿಂಟಿನ ಒಳಗೆ ಕಾಲಿನಲ್ಲಿ ಒಂದು ತೂತು, ಪಟ್ಟಿಯಲ್ಲಿ ಅದಕ್ಕೆ ಕೂರುವ ನಾಲಿಗೆ ಇರುತ್ತದೆ. ಹೊರಗಿನ ಸಂದಿಗೆ ಅಂಟು ಸುರಿದರೆ ನಾಲಿಗೆಗೆ ಮುಟ್ಟುವುದಿಲ್ಲ, ಬಿಚ್ಚಲೇಬೇಕು. ಮೊಳೆಯೋ ಬಿದಿರ ಗೂಟವೋ ಇದೆಯೇ ಎಂದು ಮೊದಲು ನೋಡಿ ತೆಗೆಯಿರಿ, ಇಲ್ಲವಾದರೆ ಎಳೆದಾಗ ಮರ ಸೀಳುತ್ತದೆ. ಆಮೇಲೆ ಬಟ್ಟೆ ಸುತ್ತಿ ಕೊಡತಿಯಲ್ಲಿ ಮೆಲ್ಲಗೆ ತಟ್ಟಿ. ನನ್ನ ಕೊಡತಿ ಹುಣಸೆ ಮರದ್ದು, ಭಾರವೂ ಹೌದು, ಎಷ್ಟು ಬಡಿದರೂ ಸೀಳುವುದಿಲ್ಲ. ಕಬ್ಬಿಣದ ಸುತ್ತಿಗೆ ಬೇಡ.

ಬಿಚ್ಚಿದ ಮೇಲೆ ಹಳೇ ಅಂಟು ನೋಡಿ. ಕಂದು ಬಣ್ಣದಲ್ಲಿ ಗಾಜಿನ ಚೂರಿನಂತೆ ಒಡೆಯುತ್ತಿದ್ದರೆ ಅದು ವಜ್ರ, ಹಿಂದಿನವರು ಚರ್ಮ, ಮೂಳೆ ಕುದಿಸಿ ಮಾಡುತ್ತಿದ್ದ ಅಂಟು. ಬಿಸಿನೀರಿನ ಬಟ್ಟೆ ಸುತ್ತಿಟ್ಟರೆ ಕರಗುತ್ತದೆ. ಬೆಳ್ಳಗೆ ಅಥವಾ ನಸುಹಳದಿಯಾಗಿ ಪ್ಲಾಸ್ಟಿಕ್ಕಿನಂತೆ ಇದ್ದರೆ ಈಗಿನ ಫೆವಿಕಾಲ್ ಬಗೆಯದು. ಬಿಸಿನೀರಿಗೆ ಮೆತ್ತಗಾಗುತ್ತದೆ, ಆದರೆ ಉಳಿಯ ಅಂಚಿನಿಂದ ಕೆರೆಯಲೇಬೇಕು. ಅಂಟು ಮರಕ್ಕೆ ಹಿಡಿಯುತ್ತದೆ, ಹಳೇ ಅಂಟಿನ ಮೇಲೆ ಹಿಡಿಯುವುದಿಲ್ಲ. ಬರಿಮರ ಕಾಣುವವರೆಗೆ ತೆಗೆಯದೆ ಮೇಲೆ ಹಚ್ಚಿದ್ದು ಮುಂದಿನ ಮಳೆಗಾಲಕ್ಕೆ ಬಿಡುತ್ತದೆ. ನೀರು ಹಾಕಿದ್ದರೆ ಎರಡು ದಿನ ನೆರಳಲ್ಲಿ ಒಣಗಿಸಿ.

ಈಗ ಒಣದಾಗಿಯೇ ಜೋಡಿಸಿ ನೋಡಿ. ನಾಲಿಗೆ ಕೈಯ ಒತ್ತಡಕ್ಕೆ ಬಿಗಿಯಾಗಿ ಕೂತರೆ ಅಂಟೊಂದೇ ಸಾಕು. ಜಾರಿ ಉದುರುತ್ತಿದ್ದರೆ ನಾಲಿಗೆ ಸವೆದಿದೆ. ಬಿಳಿ ಅಂಟು ಸಂದು ತುಂಬುವುದಿಲ್ಲ, ಗರಗಸದ ಹೊಟ್ಟು ಕಲಸಿ ತುಂಬಿದರೂ ಬಲ ಬರುವುದಿಲ್ಲ; ಅದು ಬರೀ ಕಣ್ಣಿಗೆ ಮುಚ್ಚುಮರೆ. ಅದೇ ಜಾತಿ ಮರದಿಂದ ಹತ್ತರಿಯಲ್ಲಿ ತೆಗೆದ ತೆಳ್ಳನೆಯ ಸಿಪ್ಪೆಯನ್ನು ನಾಲಿಗೆಯ ಕೆನ್ನೆಗೆ ಅಂಟಿಸಿ, ಒಣಗಿಸಿ, ಉಪ್ಪುಕಾಗದದಲ್ಲಿ ತೀಡಿ ಅಳತೆಗೆ ತನ್ನಿ. ಕೊನೆಗೆ ನಾಲಿಗೆಗೂ ತೂತಿನ ಒಳಗೋಡೆಗೂ ಅಂಟು ಹಚ್ಚಿ ಕೂರಿಸಿ, ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಸುತ್ತಲೂ ಎಳೆದೆಳೆದು ಕಟ್ಟಿ. ಕ್ಲ್ಯಾಂಪ್ ಇಲ್ಲದ ಮನೆಗೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ಕಟ್ಟಿದ ಕೂಡಲೇ ಸಮನಾದ ನೆಲದಲ್ಲಿ ನಿಲ್ಲಿಸಿ, ಎದುರುಬದುರು ಕಾಲುಗಳ ನಡುವಿನ ಎರಡು ಓರೆ ಅಳತೆ ತೆಗೆಯಿರಿ. ಎರಡೂ ಒಂದೇ ಆಗುವವರೆಗೆ ಕೈಯಲ್ಲಿ ಒತ್ತಿ ಸರಿ ಮಾಡಿ. ಹೊರಗೆ ಬಂದ ಅಂಟನ್ನು ಆಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿ. 24 ಗಂಟೆ ಯಾರೂ ಕೂರಬಾರದು.

ಕಾಲು ಎಳೆಯುದ್ದಕ್ಕೆ ಸೀಳಿದ್ದರೆ, ನಾಲಿಗೆ ಒಳಗೇ ಮುರಿದಿದ್ದರೆ, ದಬ್ಬಣ ಚುಚ್ಚಿದಾಗ ಜಾಯಿಂಟಿನ ಮರ ರೊಟ್ಟಿಯಂತೆ ಒಳಗಿಳಿದರೆ ನಿಲ್ಲಿಸಿ, ಮೇಸ್ತ್ರಿಗೆ ಕೊಡಿ. ವಯಸ್ಸಾದವರು ಕೂರುವ ಕುರ್ಚಿಯಾದರೆ ಅಲ್ಲಿಯವರೆಗೆ ಅದನ್ನು ಅವರ ಕೈಗೆ ಸಿಗದ ಕಡೆ ಎತ್ತಿಡಿ. ಎಪ್ಪತ್ತು ದಾಟಿದವರಿಗೆ ಕುರ್ಚಿ ಮುರಿದು ಬೀಳುವುದೆಂದರೆ ಸೊಂಟದ ಮೂಳೆಯ ಪ್ರಶ್ನೆ.

ಮಂಚ ಕಿರ್ ಅನ್ನುತ್ತಿದೆ

ಹಾಸಿಗೆ ತೆಗೆದು ಬರೀ ಮಂಚ ಅಲ್ಲಾಡಿಸಿ. ಸದ್ದು ನಿಂತರೆ ಹಲಗೆಗಳು ಒಂದಕ್ಕೊಂದು ಉಜ್ಜುತ್ತಿವೆ, ತಾಗುವ ಅಂಚಿಗೆ ಮೇಣ ಸವರಿ ಅಥವಾ ಹಳೇ ಬಟ್ಟೆಯ ಪಟ್ಟಿ ಹಾಸಿ. ನಿಲ್ಲದಿದ್ದರೆ ತಲೆಯ ಕಡೆಯ, ಕಾಲಿನ ಕಡೆಯ ಬೋಲ್ಟು ಬಿಗಿ ಮಾಡಿ. ಹೊಸ ಮಂಚದ ಬೋಲ್ಟು ಮೊದಲ ಬೇಸಿಗೆ ಕಳೆದ ಮೇಲೆ ಸಡಿಲವಾಗುವುದು ಸಹಜ, ಸೊರಗಿದ್ದು ಮರವೇ. ತೊಟ್ಟು ಎಣ್ಣೆ ಬಿಡುವ ಅಭ್ಯಾಸ ಬೇಡ: ಮರ ಎಣ್ಣೆ ಕುಡಿಯುತ್ತದೆ, ಆಮೇಲೆ ಅಲ್ಲಿ ಅಂಟು ಹಿಡಿಯುವುದಿಲ್ಲ.

ಡ್ರಾ ಸಿಕ್ಕಿಕೊಳ್ಳುತ್ತಿದೆ

ಒಳಗಿನದನ್ನು ಖಾಲಿ ಮಾಡಿ ಎಳೆಯಿರಿ. ಸಲೀಸಾದರೆ ಭಾರ ಹೆಚ್ಚಾಗಿತ್ತು. ಇಲ್ಲವಾದರೆ ಅಡಿಪಟ್ಟಿಗೆ ಮೇಣದ ಬತ್ತಿ ಉಜ್ಜಿ. ಸೋಪು ಬೇಡ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ.

ಮೇಜಿನ ಹಲಗೆ ಬಿರಿದಿದೆ ಅಥವಾ ಬಾಗಿದೆ

ಬಿರುಕನ್ನು ಹತ್ತಿರದಿಂದ ನೋಡಿ. ಎರಡು ಹಲಗೆ ಸೇರಿದ ಗೆರೆಯಲ್ಲೇ ನೆಟ್ಟಗೆ ಬಿಟ್ಟಿದ್ದರೆ ಅಂಟು ಸೋತಿದೆ, ಇದು ಸುಲಭ. ಎಳೆಯ ಜಾಡಿನಲ್ಲಿ ಅಂಕುಡೊಂಕಾಗಿ ಮರವೇ ಬಿರಿದಿದ್ದರೆ ಹಲಗೆಯನ್ನು ಕುಗ್ಗಲು ಬಿಡದೆ ಯಾರೋ ಕಟ್ಟಿಹಾಕಿದ್ದಾರೆ. ಮೇಜಿನ ಅಡಿಗೆ ಬಗ್ಗಿ ನೋಡಿದರೆ ಸ್ಕ್ರೂಗಳು ಚೌಕಟ್ಟಿಗೆ ಬಿಗಿಯಾಗಿ ಕೂತಿರುತ್ತವೆ. ಬೇಸಿಗೆಯಲ್ಲಿ ಹಲಗೆ ಸೊರಗಲು ಹೋಗುತ್ತದೆ, ಸ್ಕ್ರೂ ಬಿಡುವುದಿಲ್ಲ, ನಡುವೆ ಸೀಳುತ್ತದೆ. ಚೌಕಟ್ಟಿನ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ ಸ್ವಲ್ಪ ಉದ್ದ ಮಾಡಿ, ವಾಷರ್ ಹಾಕಿ, ಸ್ಕ್ರೂ ಹದವಾಗಿ ಬಿಗಿದರೆ ಬಿರುಕು ಮುಂದುವರಿಯುವುದು ನಿಲ್ಲುತ್ತದೆ. ಇದನ್ನು ಮಾಡದೆ ಮಾರ್ಚ್ ತಿಂಗಳಲ್ಲಿ ಬಿರುಕಿಗೆ ಪುಟ್ಟಿ ತುಂಬಿದರೆ ಸೆಪ್ಟೆಂಬರ್‌ನಲ್ಲಿ ಹಲಗೆ ಊದಿ ಆ ಗಟ್ಟಿ ಪುಟ್ಟಿಯನ್ನೇ ಬೆಣೆ ಮಾಡಿಕೊಂಡು ಪಕ್ಕದಲ್ಲಿ ಇನ್ನೊಂದು ಬಿರುಕು ತೆರೆಯುತ್ತದೆ.

ಬಾಗಿದ ಹಲಗೆಗೆ ಬಹುಪಾಲು ಕಾರಣ ಒಂದೇ. ಮೇಲ್ಭಾಗಕ್ಕೆ ಮೂರು ಕೋಟ್ ಪಾಲಿಶ್, ಅಡಿಗೆ ಏನೂ ಇಲ್ಲ. ಅಡಿಮೈ ಮಾತ್ರ ತೇವ ಕುಡಿದು ಊದುತ್ತದೆ, ಅಂಚುಗಳು ಮೇಲಕ್ಕೆ ಏಳುತ್ತವೆ. ಒಣ ದಿನಗಳಲ್ಲಿ ಸಮಕ್ಕೆ ಬಂದಾಗ ಅಡಿಗೂ ಅಷ್ಟೇ ಕೋಟ್ ಕೊಡಿ. ಭಾರ ಹೇರಿ, ನೀರು ಚಿಮುಕಿಸಿ, ಬಿಸಿಲಿಗಿಟ್ಟು ನೇರ ಮಾಡಲು ಹೋಗಬೇಡಿ. ನೀಲಗಿರಿ ಮರದ ಹಲಗೆ ತಿರುಚಿಕೊಂಡಿದ್ದರೆ ಅದನ್ನು ಸರಿಮಾಡಲು ಹಣ ಹಾಕುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ; ಆ ಮರ ಬೆಳೆಯುವಾಗಲೇ ಮೈಯಲ್ಲಿ ಬಿಗಿತ ಇಟ್ಟುಕೊಂಡಿರುತ್ತದೆ.

ಮಂಚದ ಕೆಳಗೆ ಹಿಟ್ಟು ಉದುರುತ್ತಿದೆ

ಬೆಳಗ್ಗೆ ಗುಡಿಸಿದ ಜಾಗದಲ್ಲಿ ಸಂಜೆಗೆ ಮತ್ತೆ ಚಿಕ್ಕ ಗುಡ್ಡೆ. ಗಾಬರಿಯಾಗಿ ಸೀಮೆಎಣ್ಣೆ ತರುವ ಮುಂಚೆ ಆ ಪುಡಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ತೀಡಿ ನೋಡಿ. ಯಾವ ಹುಳು ಅಂತ ಪುಡಿಯೇ ಹೇಳುತ್ತದೆ.

ಮುಖಕ್ಕೆ ಹಚ್ಚುವ ಪೌಡರಿನಂತೆ ನುಣ್ಣಗಿದ್ದು, ಮರದಲ್ಲಿ ಗುಂಡುಸೂಜಿ ತಲೆಯಷ್ಟು ದುಂಡನೆ ತೂತುಗಳಿದ್ದರೆ ಕುಟ್ಟೆ ಹುಳು. ಕೈಗೆ ಕಾಳುಕಾಳಾಗಿ, ಗಸಗಸೆಯಂತೆ ಸಿಕ್ಕರೆ ಒಣಮರದ ಗೆದ್ದಲು. ಅದು ಮಣ್ಣಿನ ಹಂಗಿಲ್ಲದೆ ಮರದೊಳಗೇ ಬದುಕುತ್ತದೆ. ಪುಡಿಯೇ ಇಲ್ಲದೆ ಗೋಡೆಯಿಂದ ಅಥವಾ ನೆಲದಿಂದ ಮಣ್ಣಿನ ಗೆರೆ ಹತ್ತಿ ಬಂದಿದ್ದರೆ ನೆಲದ ಗೆದ್ದಲು. ಮೂರಕ್ಕೂ ಮದ್ದು ಬೇರೆ ಬೇರೆ.

ಕುಟ್ಟೆ ಅಂತಾದರೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಹುಳು ಇನ್ನೂ ಒಳಗಿದೆಯೋ, ತಿಂದು ಹೋಗಿ ವರ್ಷಗಳಾದವೋ? ಅಲ್ಲಾಡಿಸಿದರೆ ಹಳೇ ತೂತಿನಿಂದಲೂ ಪುಡಿ ಉದುರುತ್ತದೆ. ಇರುವ ತೂತುಗಳ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಕೆಳಗೆ ಕಪ್ಪು ಕಾಗದ ಹಾಸಿ, ಎರಡು ವಾರ ಮುಟ್ಟದೆ ಬಿಡಿ. ಹೊಸ ಪುಡಿ ಅಥವಾ ಗುರುತಿಲ್ಲದ ಹೊಸ ತೂತು ಕಂಡರೆ ಹುಳು ಬದುಕಿದೆ. ಏನೂ ಇಲ್ಲದಿದ್ದರೆ ತೂತಿಗೆ ಮೇಣ ತುಂಬಿ ಸುಮ್ಮನಿರಿ, ಔಷಧಿಯ ಖರ್ಚು ಬೇಡ.

ಎಲ್ಲಿ ತಿಂದಿದೆ ಅನ್ನುವುದನ್ನೂ ಗಮನಿಸಿ. ನುಣ್ಣನೆ ಪುಡಿಯ ಈ ಕುಟ್ಟೆಗೆ ಬೇಕಾದದ್ದು ಮರದ ಹೊರಸುತ್ತಿನ ಬಿಳಿ ಭಾಗ, ಹಿಟ್ಟಿನಂಶ ಇರುವುದು ಅಲ್ಲಿ. ಚೇಗಿನ, ಅಂದರೆ ಒಳಗಿನ ಗಟ್ಟಿ ತಿರುಳಿನ, ತಂಟೆಗೆ ಅದು ಹೋಗುವುದಿಲ್ಲ. ನಮ್ಮ ಗುಬ್ಬಿ, ಚೇಳೂರು ಸೀಮೆ ಹಲಸಿಗೆ ಹೆಸರು. ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರ ಗುರುತಿಸಿದ ಕೆಂಪು ತೊಳೆಯ ‘ಸಿದ್ದು’ ತಳಿಯೂ ಅಲ್ಲಿಯದೇ. ಆ ಕಡೆ ತೋಟದ ಹಲಸು ಕುಯ್ಸಿ ಮನೆಗೆ ಮಂಚ, ದಾರಂದ ಮಾಡಿಸುವುದು ಹಿಂದಿನಿಂದ ಬಂದದ್ದು. ಹಲಸಿನ ಚೇಗು ಹಳದಿ, ವರ್ಷ ಕಳೆದಂತೆ ಕಂದಾಗುತ್ತದೆ; ಹೊರಭಾಗ ಮಾಸಲು ಬಿಳಿ. ಮರ ದಂಡವಾಗಬಾರದೆಂದು ಆ ಬಿಳಿಯನ್ನೂ ಸೇರಿಸಿ ಕುಯ್ಸಿರುತ್ತಾರೆ, ಎರಡು ಮೂರು ವರ್ಷಕ್ಕೆ ಅಲ್ಲೇ ಹಿಟ್ಟು ಉದುರುತ್ತದೆ. ತೂತುಗಳೆಲ್ಲ ಅಂಚಿನ ಬಿಳಿ ಪಟ್ಟಿಯಲ್ಲೇ ಇದ್ದು ಚೇಗು ಗಟ್ಟಿಯಾಗಿದ್ದರೆ ಮಂಚಕ್ಕೆ ಅಪಾಯವಿಲ್ಲ. ಬಿಳಿ ಭಾಗ ಕುಯ್ದು ಪಟ್ಟಿ ಹಾಕಿಸಿದರೆ ಸಾಕು.

ಮದ್ದು ಹಾಕುವುದಾದರೆ ಪಾಲಿಶ್ ಮೇಲೆ ಬಳಿದರೆ ಒಂದು ಹನಿಯೂ ಒಳಗಿಳಿಯುವುದಿಲ್ಲ. ಬಣ್ಣದ ಅಂಗಡಿಯಲ್ಲಿ ಸಿಗುವ, ಮರಕ್ಕೆಂದೇ ಮಾಡಿದ ಹುಳುವಿನ ಔಷಧಿಯನ್ನು ಸಿರಿಂಜಿನಲ್ಲಿ ತೂತುತೂತಿಗೆ ಬಿಡಿ, ಬರಿಮರ ಇರುವ ಅಡಿಭಾಗಕ್ಕೆ ಬ್ರಷ್ಷಿನಲ್ಲಿ ಹಚ್ಚಿ. ಡಬ್ಬಿಯ ಮೇಲೆ ಬರೆದ ಪ್ರಮಾಣ ಮೀರಬೇಡಿ. ಸಿರಿಂಜ್ ಒತ್ತುವಾಗ ಒಂದು ತೂತಿಗೆ ಬಿಟ್ಟ ಮದ್ದು ಪಕ್ಕದ ತೂತಿನಿಂದ ಕಣ್ಣಿಗೆ ಚಿಮ್ಮುತ್ತದೆ, ನನಗೇ ಆಗಿದೆ. ಕನ್ನಡಕ, ಕೈಗವಸು ಹಾಕಿಕೊಳ್ಳದೆ ಮಾಡಬೇಡಿ. ಕಿಟಕಿ ತೆರೆದಿರಲಿ. ಆ ಕೋಣೆಯಲ್ಲಿ ಅವತ್ತು ಮಕ್ಕಳು, ಬಸುರಿಯರು ಮಲಗುವುದು ಬೇಡ. ಲಟ್ಟಣಿಗೆ, ಮಣೆ, ತೊಟ್ಟಿಲಿಗೆ ಈ ಔಷಧಿ ಸಲ್ಲದು. ಸೀಮೆಎಣ್ಣೆ ಸುರಿಯುವುದರಿಂದ ಒಳಗಿನ ಮರಿಹುಳು ಸಾಯುವುದು ಅನುಮಾನ, ಎಣ್ಣೆ ಆರಿಹೋಗುತ್ತದೆ. ಬೆಂಕಿಯ ಭಯವೊಂದು ಉಳಿಯುತ್ತದೆ.

ನೆಲದ ಗೆದ್ದಲಾದರೆ ಮಣ್ಣಿನ ಗೆರೆಯನ್ನು ಒಂದು ಕಡೆ ಕೆರೆದು ಎರಡು ದಿನ ಬಿಟ್ಟು ನೋಡಿ. ಮತ್ತೆ ಕಟ್ಟಿದ್ದರೆ ಗೂಡು ಜೀವಂತವಾಗಿದೆ. ಇಲ್ಲಿ ಮಂಚಕ್ಕೆ ಮದ್ದು ಹಾಕಿ ಫಲವಿಲ್ಲ, ಅದು ಬರುತ್ತಿರುವುದು ಗೋಡೆಯ ಬುಡದಿಂದ. ನೆಲಕ್ಕೆ ತೂತು ಕೊರೆದು ಔಷಧಿ ಬಿಡುವವರನ್ನು ಕರೆಸಿ. ಗೋಡೆಯಲ್ಲಿ ವೈರು, ಪೈಪು ಎಲ್ಲಿ ಹೋಗಿವೆ ಅಂತ ಮೊದಲೇ ತೋರಿಸಿ. ಬಾವಿ, ಸಂಪು ಹತ್ತಿರವಿದ್ದರೆ ಅದನ್ನೂ ಹೇಳಲೇಬೇಕು. ಒಣಮರದ ಗೆದ್ದಲಿಗೂ ತಿಳಿದವರೇ ಬೇಕು. ಹಳೇ ತೊಟ್ಟಿಮನೆಗಳಲ್ಲಿ ಕಂಬವೋ ತೊಲೆಯೋ ತಟ್ಟಿದಾಗ ಡಬಡಬ ಟೊಳ್ಳು ಸದ್ದು ಕೊಟ್ಟರೆ ಅದರ ಕೆಳಗೆ ಓಡಾಡುವುದು ನಿಲ್ಲಿಸಿ, ಆ ದಿನವೇ ಆಸರೆ ಕೊಡಿಸಿ.

ಪಾಲಿಶ್ ಮೇಲೆ ಕಲೆ

ಬಿಸಿ ಲೋಟ ಇಟ್ಟ ಬಿಳಿ ಉಂಗುರ ಪಾಲಿಶ್ ಪದರದೊಳಗೆ ಸಿಕ್ಕಿದ ತೇವ, ಮರಕ್ಕೆ ಮುಟ್ಟಿರುವುದಿಲ್ಲ. ಎರಡು ದಿನ ಬಿಟ್ಟು ನೋಡಿ, ಎಷ್ಟೋ ಸಲ ತಾನೇ ಹೋಗುತ್ತದೆ. ಹೋಗದಿದ್ದರೆ ಸಣ್ಣಗೆ ಜರಡಿ ಹಿಡಿದ ಬೂದಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಕಲಸಿ, ಮೆತ್ತನೆ ಬಟ್ಟೆಯಲ್ಲಿ ಎಳೆಯ ಜಾಡಿನಲ್ಲಿ ಹಗುರವಾಗಿ ಉಜ್ಜಿ ಒರೆಸಿ.

ಕಪ್ಪು ಕಲೆ ಬೇರೆ ಜಾತಿ. ಅಲ್ಲಿ ನೀರು ಮರಕ್ಕೇ ಇಳಿದಿದೆ. ಮೊಳೆ, ಸ್ಕ್ರೂ, ಕಬ್ಬಿಣದ ಪಾತ್ರೆಯ ಸುತ್ತ ಇದ್ದರೆ ಮರದ ಒಗರಿನ ಜೊತೆ ಕಬ್ಬಿಣ ಸೇರಿ ಆದ ಶಾಯಿ ಅದು. ಒಳಗೆ ಮುಚ್ಚಿದ ಜಾಗದಲ್ಲಿ ಬರಿಮರಕ್ಕೆ ಒಂದು ಹನಿ ನಿಂಬೆರಸ ಬಿಡಿ. ತಿಳಿಯಾದರೆ ಬಹುಪಾಲು ಕಬ್ಬಿಣದ ಕಲೆಯೇ. ಪೂರ್ತಿ ತೆಗೆಯಲು ಆಕ್ಸಾಲಿಕ್ 
ಆಸಿಡ್ ಬೇಕು, ಅದು ವಿಷ, ಮನೆಯಲ್ಲಿ ಬೇಡ.

ಪಾಲಿಶ್ ಪೂರ್ತಿ ಹೊಸದಾಗಿ ಮಾಡುವ ಮುಂಚೆ ಹಳೆಯದು ಯಾವುದೆಂದು ತಿಳಿಯಬೇಕು. ಹತ್ತಿಗೆ ಸ್ಪಿರಿಟ್ ಅದ್ದಿ ಅಡಿಭಾಗದಲ್ಲಿ ಒಂದು ನಿಮಿಷ ಒತ್ತಿಡಿ. ಅಂಟಂಟಾದರೆ ಅರಗಿನ ಪಾಲಿಶ್, ಅದರ ಮೇಲೆ ಅದನ್ನೇ ಕೊಡಬಹುದು. ಜಗ್ಗದಿದ್ದರೆ ಈಗಿನ ಗಟ್ಟಿ ಪದರ, ಉಜ್ಜಿ ತೆಗೆಯಬೇಕಾಗುತ್ತದೆ. ಉಜ್ಜುವಾಗ ಮಾಸ್ಕ್ ಇರಲೇಬೇಕು, ಮರದ ಧೂಳು ಕ್ಯಾನ್ಸರ್ ತರುವ ಪಟ್ಟಿಯಲ್ಲಿದೆ. ಹಳೇ ಬಣ್ಣವಾದರೆ ಇನ್ನೂ ಎಚ್ಚರ: ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣದಾಗಿ ಉಜ್ಜಬೇಡಿ, ನೀರು ಹಚ್ಚಿ ಉಜ್ಜಿ, ಮಕ್ಕಳನ್ನು ದೂರವಿಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತನ್ನಷ್ಟಕ್ಕೆ ಕಾದು ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಿನ ಬಕೆಟ್ಟಿಗೆ ಹಾಕಿ.

ಪ್ಲೈವುಡ್ ಊದಿ ಪದರ ಬಿಟ್ಟಿದೆ

ನೀರು ಎಲ್ಲಿಂದ ಅಂತ ಮೊದಲು ಹುಡುಕಿ: ಸಿಂಕಿನ ಪೈಪು, ನೆಲ ಒರೆಸುವ ನೀರು, ಹಿಂದಿನ ಗೋಡೆಯ ತೇವ. ಪದರ ಬಿಟ್ಟದ್ದು ಅಂಗೈಯಗಲದೊಳಗಿದ್ದರೆ ಒಣಗಿಸಿ, ಚಾಕುವಿನಿಂದ ಅಂಟು ತೂರಿಸಿ, ಹಲಗೆ ಇಟ್ಟು ಭಾರ ಹೇರಿ. ಹೊಟ್ಟು ಒತ್ತಿ ಮಾಡಿದ ಬೋರ್ಡು ಊದಿದ್ದರೆ ಅದು ಮತ್ತೆ ಇಳಿಯುವುದಿಲ್ಲ, ಬದಲಿಸಬೇಕು. ಸಿಂಕಿನ ಕೆಳಗೆ ಹೊಸದು ಹಾಕಿಸುವಾಗ ನೀರು ತಡೆಯುವ ಪ್ಲೈವುಡ್ಡಿನ ಐಎಸ್ 710 ಗುರುತು ನೋಡಿ ತನ್ನಿ. ಐಎಸ್ 303 ಸಾಮಾನ್ಯ ಬಳಕೆಯದು.

ತೊಟ್ಟಿಲು, ಉಯ್ಯಾಲೆ ಸದ್ದು ಮಾಡುತ್ತಿದೆ

ಇಲ್ಲಿ ನಿಮ್ಮ ಕೆಲಸ ನೋಡುವುದಷ್ಟೇ, ರಿಪೇರಿ ಅಲ್ಲ. ಖಾಲಿ ಉಯ್ಯಾಲೆಯನ್ನು ತೂಗಿ, ಸದ್ದು ಸರಪಳಿಯಿಂದಲೋ, ತೊಲೆಯ ಕೊಂಡಿಯಿಂದಲೋ ಅಂತ ಕೇಳಿ. ಹಗಲು ಬೆಳಕಿನಲ್ಲಿ ಗಟ್ಟಿಯಾದ ಏಣಿ ಹತ್ತಿ, ಕೆಳಗೆ ಒಬ್ಬರನ್ನು ನಿಲ್ಲಿಸಿಕೊಂಡು, ಕೊಂಡಿ ಸವೆದ ಜಾಗ ನೋಡಿ. ಕಬ್ಬಿಣದ ಬಳೆಯ ಒಳಮೈ ಹೊಳೆಯುತ್ತಾ ತೆಳ್ಳಗಾಗಿದ್ದರೆ, ಕೊಂಡಿಯ ಸುತ್ತ ತೊಲೆಯಲ್ಲಿ ಎಳೆಯುದ್ದಕ್ಕೆ ಬಿರುಕಿದ್ದರೆ, ನೆಲದ ಮೇಲೆ ಮರದ ಹಿಟ್ಟು ಬಿದ್ದಿದ್ದರೆ ಅವತ್ತೇ ಇಳಿಸಿಬಿಡಿ. ಬಾಣಂತಿಯ ಮನೆಗೆ ಅಟ್ಟದಿಂದ ಇಳಿಸಿದ ಹಳೇ ತೊಟ್ಟಿಲಾದರೆ ಮಗುವನ್ನು ಮಲಗಿಸುವ ಮುಂಚೆ ಹತ್ತು ಸೇರು ರಾಗಿ ಮೂಟೆಯನ್ನು ಹಾಕಿ ಅರ್ಧ ದಿನ ತೂಗಿ ನೋಡಿ. ಪಕ್ಕದ ಸರಳುಗಳನ್ನು ಒಂದೊಂದಾಗಿ ತಿರುಗಿಸಿ. ಒಂದು ತಿರುಗಿದರೂ, ಕೊಂಡಿ ಒಂದು ಅಲುಗಿದರೂ ಮೇಸ್ತ್ರಿ ಬಂದು ಬದಲಿಸುವವರೆಗೆ ಮಗು ನೆಲದ ಹಾಸಿಗೆಯಲ್ಲೇ ಮಲಗಲಿ.